ಮೂವತ್ತೈದರ ಲೆಕ್ಕ

ಸಂಬಳ ಹೆಚ್ಚಿಸಿ ಎಂದು ಕೇಳುವುದು ಯಾವ ಕಾಲದಲ್ಲೂ ಸುಲಭದ ಮಾತಲ್ಲ. ಕಾಲ ಕೆಟ್ಟಾಗ ಅದು ಇನ್ನೂ ಕಷ್ಟ. ಅಕ್ಕಿ, ಬೇಳೆ, ಬಟ್ಟೆ ಎಲ್ಲವೂ ತುಟ್ಟಿಯಾಗಿವೆ, ಹಳೆಯ ಸಂಬಳದಲ್ಲಿ ಸಂಸಾರ ಸಾಗದು ಎಂದು ದುಡಿಯುವವನು ಹೇಳುತ್ತಾನೆ. ಇಂದಿನ ಲಾಭ ನಾಳೆ ಇರುತ್ತದೆಂಬ ಭರವಸೆ ಇಲ್ಲ, ಒಮ್ಮೆ ಏರಿಸಿದ ಸಂಬಳವನ್ನು ಇಳಿಸಲಾಗದು ಎಂದು ಕೊಡುವವನು ಹೇಳುತ್ತಾನೆ. ಇಬ್ಬರ ಮಾತಿನಲ್ಲೂ ಸತ್ಯವಿರಬಹುದು. ಹಾಗಿದ್ದಲ್ಲಿ ಎಷ್ಟು ಕೇಳುವುದು ನ್ಯಾಯ? ಯಾವ ಆಧಾರದ ಮೇಲೆ ಕೇಳಬೇಕು? ಕೇಳುವ ಮೊದಲು ಏನೇನು ತಿಳಿದುಕೊಂಡಿರಬೇಕು?

ಈ ಪ್ರಶ್ನೆಗಳಿಗೆ ನಮ್ಮ ದೇಶದಲ್ಲಿ ಬಹಳ ಹಿಂದೆಯೇ ಒಂದು ಉತ್ತರ ಹುಡುಕಿದ ಊರು ಅಹಮದಾಬಾದ್. 1918ರ ಫೆಬ್ರವರಿ ಮತ್ತು ಮಾರ್ಚ್ ತಿಂಗಳಲ್ಲಿ ಅಲ್ಲಿನ ಬಟ್ಟೆ ಗಿರಣಿಗಳ ನೇಕಾರರಿಗೂ ಮಾಲೀಕರಿಗೂ ನಡೆದ ಕೂಲಿಯ ವಿವಾದ ಗಾಂಧೀಜಿಯವರ ಉಪವಾಸದಿಂದಾಗಿ ಚರಿತ್ರೆಯ ಪುಸ್ತಕಗಳಲ್ಲಿ ಸೇರಿದೆ. ಉಪವಾಸದ ಕಥೆಯನ್ನು ಬಲ್ಲವರು ಅನೇಕರು. ಆ ಉಪವಾಸಕ್ಕೆ ಮೊದಲು ಕೂಡಿಸಿ ಕಳೆದು ಮಾಡಿದ ಒಂದು ಲೆಕ್ಕವಿತ್ತು. ಅದರ ಕಡೆಗೆ ಗಮನ ಹರಿದದ್ದು ಕಡಿಮೆ. ಶೇಕಡಾ 50 ಬೇಕೆಂದು ಹೊರಟ ಕಾರ್ಮಿಕರು ತಾವಾಗಿಯೇ ಶೇಕಡಾ 35ಕ್ಕೆ ಇಳಿದದ್ದು ಹೇಗೆ, ಇಳಿದ ಮೇಲೆ ಅಲ್ಲಿಂದ ಕದಲದೆ ನಿಂತದ್ದು ಏಕೆ ಎಂಬುದು ಇಂದಿಗೂ ತಿಳಿಯಬೇಕಾದ ಸಂಗತಿ.

ಪ್ಲೇಗು ತಂದ ಬೋನಸ್

ಅಹಮದಾಬಾದಿನಲ್ಲಿ ಮೊದಲ ಬಟ್ಟೆ ಗಿರಣಿ ಹೊಗೆಯುಗುಳಿದ್ದು 1861ರಲ್ಲಿ. ರಣಛೋಡಲಾಲ್ ಛೋಟಾಲಾಲ್ ಎಂಬವರು ಅದನ್ನು ಕಟ್ಟಿದರು. ಅಲ್ಲಿಂದಾಚೆಗೆ ಒಂದೊಂದಾಗಿ ಗಿರಣಿಗಳು ಎದ್ದು, ಸಾಬರಮತಿ ನದಿಯ ದಂಡೆಯ ಈ ಹಳೆಯ ವ್ಯಾಪಾರಿ ಪಟ್ಟಣ ಮುಂಬಯಿಗೆ ಸಾಟಿಯಾಗಿ ಬೆಳೆಯತೊಡಗಿತು. ಆಗ ನಮ್ಮ ಧಾರವಾಡ, ಬೆಳಗಾವಿ, ವಿಜಾಪುರ ಜಿಲ್ಲೆಗಳಂತೆ ಅಹಮದಾಬಾದೂ ಮುಂಬಯಿ ಪ್ರಾಂತ್ಯಕ್ಕೇ ಸೇರಿತ್ತು.

1914ರಲ್ಲಿ ಮೊದಲನೆಯ ಮಹಾಯುದ್ಧ ಆರಂಭವಾಯಿತು. ಇಂಗ್ಲೆಂಡಿನ ಲ್ಯಾಂಕಷೈರ್‌ನಿಂದ ಬರುತ್ತಿದ್ದ ಬಟ್ಟೆ ಕಡಿಮೆಯಾಯಿತು. ಇಲ್ಲಿನ ಗಿರಣಿಗಳಿಗೆ ಅದು ಸುಗ್ಗಿಯ ಕಾಲ. ನೇಯ್ದದ್ದೆಲ್ಲ ಒಳ್ಳೆಯ ಬೆಲೆಗೆ ಮಾರಾಟವಾಗತೊಡಗಿತು. ಆದರೆ ಅದೇ ಯುದ್ಧ ದವಸ, ಬಟ್ಟೆ, ಸೀಮೆಎಣ್ಣೆಗಳ ಬೆಲೆಯನ್ನೂ ಏರಿಸಿತು. ಗಿರಣಿಯ ಒಳಗೆ ಲಾಭವಾಗಿ ಬಂದ ಯುದ್ಧ ಕಾರ್ಮಿಕರ ಚಾಳಗಳಿಗೆ ತುಟ್ಟಿಯಾಗಿ ಬಂತು.

1917ರಲ್ಲಿ ಗುಜರಾತಿನಲ್ಲಿ ವಿಪರೀತ ಮಳೆ ಸುರಿಯಿತು. ಪಕ್ಕದ ಖೇಡಾ ಜಿಲ್ಲೆಯಲ್ಲಿ ಬೆಳೆ ಹಾಳಾಯಿತು. ಕಂದಾಯ ಕೊಡಲಾರೆವೆಂದು ರೈತರು ಸತ್ಯಾಗ್ರಹಕ್ಕೆ ಇಳಿಯಲು ಅದೇ ಕಾರಣವಾಯಿತು. ಅಹಮದಾಬಾದಿನಲ್ಲಿ ಪ್ಲೇಗು ಕಾಣಿಸಿಕೊಂಡಿತು. ಊರು ಬಿಡಲು ಸಾಧ್ಯವಿದ್ದವರೆಲ್ಲ ಬಿಟ್ಟರು. ಗಾಂಧೀಜಿಯವರ ಆಶ್ರಮ ಕೋಚರಬ್ ಹಳ್ಳಿಯಿಂದ ಸಾಬರಮತಿ ತೀರದ ಈಗಿನ ಜಾಗಕ್ಕೆ ಬಂದದ್ದೂ ಆ ವರ್ಷದ ಪ್ಲೇಗಿನ ದೆಸೆಯಿಂದಲೇ.

ಬಟ್ಟೆಗೆ ಇಷ್ಟು ಬೇಡಿಕೆಯಿದ್ದಾಗ ಮಗ್ಗಗಳು ನಿಲ್ಲುವುದನ್ನು ಮಾಲೀಕರು ಸಹಿಸುವಂತಿರಲಿಲ್ಲ. ನೇಕಾರರು ಹಳ್ಳಿಗಳಿಗೆ ಓಡಿಹೋಗದಂತೆ ತಡೆಯಲು ಅವರು ಪ್ಲೇಗು ಬೋನಸ್ ಕೊಡತೊಡಗಿದರು. ಕೆಲವು ಕಡೆ ಅದು ಮೂಲ ಕೂಲಿಯ ಶೇಕಡಾ 70ರಿಂದ 80ರವರೆಗೂ ಇತ್ತು. ಸಾವು ಬೀದಿಯಲ್ಲಿ ಓಡಾಡುತ್ತಿದ್ದಾಗ ನೇಕಾರರು ಮಗ್ಗ ಬಿಡದೆ ನಿಂತರು. ಗಿರಣಿಗಳು ನಡೆದವು.

1918ರ ಆರಂಭದ ಹೊತ್ತಿಗೆ ಪ್ಲೇಗು ತಗ್ಗಿತು. ಜನವರಿಯಲ್ಲಿ ಮಾಲೀಕರು ಬೋನಸ್ ನಿಲ್ಲಿಸಲು ನಿಶ್ಚಯಿಸಿದರು. ಅವರ ತರ್ಕ ನೇರವಾಗಿತ್ತು. ಪ್ಲೇಗು ಇದ್ದಾಗ ಪ್ಲೇಗು ಬೋನಸ್. ಪ್ಲೇಗು ಹೋದ ಮೇಲೆ ಅದೇಕೆ? ಆದರೆ ನೇಕಾರನ ಮನೆಯ ಲೆಕ್ಕ ಬೇರೆ ಇತ್ತು. ಪ್ಲೇಗು ಊರು ಬಿಟ್ಟು ಹೋಗಿತ್ತೇ ಹೊರತು ತುಟ್ಟಿ ಬಿಟ್ಟು ಹೋಗಿರಲಿಲ್ಲ. ಹೆಸರಿಗೆ ಪ್ಲೇಗಿನದ್ದಾದರೂ ಆ ಹಣ ಅವನ ಮನೆಯಲ್ಲಿ ಏರಿದ ಬೆಲೆಗಳನ್ನು ತುಂಬಿಕೊಡುತ್ತಿತ್ತು.

ವಿವಾದದ ತಿರುಳು ಇಲ್ಲಿದೆ. ಜುಲೈ ತಿಂಗಳ ಕೂಲಿಯನ್ನು ಲೆಕ್ಕಕ್ಕಾಗಿ ನೂರು ಎಂದಿಟ್ಟುಕೊಳ್ಳೋಣ. ಬೋನಸ್ ಸೇರಿ ನೇಕಾರನ ಕೈಗೆ ಬರುತ್ತಿದ್ದದ್ದು ನೂರ ಎಪ್ಪತ್ತು ಅಥವಾ ಅದಕ್ಕಿಂತ ತುಸು ಹೆಚ್ಚು. ಬೋನಸ್ ಹೋದರೆ ಮತ್ತೆ ನೂರು. ನೇಕಾರರು ಬೋನಸಿಗೆ ಬದಲಾಗಿ ಶೇಕಡಾ 50 ಏರಿಕೆ ಕೇಳಿದರು, ಎಂದರೆ ನೂರ ಐವತ್ತು. ಮಾಲೀಕರ ಕಣ್ಣಿಗೆ ಇದು ಅರ್ಧದಷ್ಟು ಹೆಚ್ಚಳ. ನೇಕಾರರ ಕಣ್ಣಿಗೆ ಇದು ಕೈಗೆ ಬರುತ್ತಿದ್ದುದರಲ್ಲಿ ಇಪ್ಪತ್ತು ಕಡಿಮೆ. ಒಂದೇ ಅಂಕಿ ಒಬ್ಬರಿಗೆ ಏರಿಕೆಯಾಗಿ, ಇನ್ನೊಬ್ಬರಿಗೆ ಇಳಿಕೆಯಾಗಿ ಕಂಡರೆ ಮಾತುಕತೆ ಕೂಡುವುದಾದರೂ ಹೇಗೆ?

ಅಕ್ಕ ಒಂದು ಕಡೆ, ತಮ್ಮ ಒಂದು ಕಡೆ

ಗಿರಣಿ ಮಾಲೀಕರ ಸಂಘದ ಅಧ್ಯಕ್ಷರಾಗಿದ್ದವರು ಅಂಬಾಲಾಲ್ ಸಾರಾಭಾಯಿ. ಕ್ಯಾಲಿಕೋ ಗಿರಣಿಯ ಒಡೆಯರು. ಆಗ ಇಪ್ಪತ್ತೆಂಟರ ಹರೆಯ. ಕಾರ್ಮಿಕರ ಪರವಾಗಿ ನಿಂತವರು ಅವರ ಸ್ವಂತ ಅಕ್ಕ ಅನಸೂಯಾ ಸಾರಾಭಾಯಿ. ಇಂಗ್ಲೆಂಡಿನಲ್ಲಿ ಕೆಲಕಾಲ ಓದಿ ಬಂದಿದ್ದ ಅನಸೂಯಾ ಬೆನ್ ಗಿರಣಿ ಕಾರ್ಮಿಕರ ಮಕ್ಕಳಿಗಾಗಿ ಶಾಲೆ ತೆರೆದು, ಚಾಳಗಳಲ್ಲಿ ಓಡಾಡಿ, ಅಲ್ಲಿನ ಬದುಕನ್ನು ಹತ್ತಿರದಿಂದ ಕಂಡಿದ್ದರು. ಕಾರ್ಮಿಕರು ಅವರನ್ನು ಕರೆಯುತ್ತಿದ್ದುದು ‘ಮೋಟಾಬೆನ್’, ಅಂದರೆ ದೊಡ್ಡಕ್ಕ ಎಂದು.

ಗಾಂಧೀಜಿಯವರಿಗೆ ಎರಡೂ ಕಡೆಯವರು ಬೇಕಾದವರು. 1915ರಲ್ಲಿ ಆಶ್ರಮಕ್ಕೆ ಅಸ್ಪೃಶ್ಯರೆನಿಸಿಕೊಂಡ ಕುಟುಂಬವೊಂದನ್ನು ಸೇರಿಸಿಕೊಂಡಾಗ ಊರಿನವರ ದೇಣಿಗೆ ನಿಂತುಹೋಗಿ ಆಶ್ರಮ ಮುಚ್ಚುವ ಸ್ಥಿತಿ ಬಂದಿತ್ತು. ಆಗ ಹೆಸರು ಹೇಳದೆ ಬಂದು ಹದಿಮೂರು ಸಾವಿರ ರೂಪಾಯಿ ಕೊಟ್ಟು ಹೋದ ಶೆಟ್ಟರು ಈ ಅಂಬಾಲಾಲರೇ. ಅಂಥವರ ಎದುರು ನಿಲ್ಲಬೇಕಾದ ಸಂದರ್ಭ ಗಾಂಧೀಜಿಯವರಿಗೆ ಒದಗಿತು.

ಮೊದಲು ಪಂಚಾಯ್ತಿಯ ದಾರಿ ಹಿಡಿದರು. ಫೆಬ್ರವರಿ ಮಧ್ಯದಲ್ಲಿ ಎರಡೂ ಕಡೆಯಿಂದ ಮೂವರು ಮೂವರು ಪಂಚರು, ಅವರ ಮೇಲೆ ಜಿಲ್ಲಾ ಕಲೆಕ್ಟರು ಎಂಬ ಏರ್ಪಾಡಾಯಿತು. ಕಾರ್ಮಿಕರ ಪರ ಗಾಂಧೀಜಿ, ವಲ್ಲಭಭಾಯಿ ಪಟೇಲ್ ಮತ್ತು ಶಂಕರಲಾಲ್ ಬ್ಯಾಂಕರ್. ಮಾಲೀಕರ ಪರ ಅಂಬಾಲಾಲ್ ಮತ್ತಿಬ್ಬರು. ಆದರೆ ಪಂಚಾಯ್ತಿ ಕೂಡುವ ಮೊದಲೇ ಕೆಲವು ಗಿರಣಿಗಳಲ್ಲಿ ಕಾರ್ಮಿಕರು ಅವಸರಪಟ್ಟು ಕೆಲಸ ನಿಲ್ಲಿಸಿದರು. ತಪ್ಪಾಯಿತೆಂದು ಗಾಂಧೀಜಿ ಹೇಳಿದರೂ ಮಾಲೀಕರು ಒಪ್ಪಲಿಲ್ಲ, ಪಂಚಾಯ್ತಿ ಮುರಿಯಿತೆಂದರು. ಶೇಕಡಾ 20 ಕೊಡುತ್ತೇವೆ, ಒಪ್ಪದವರಿಗೆ ಕೆಲಸವಿಲ್ಲ ಎಂದು ಸಾರಿ ಫೆಬ್ರವರಿ 22ರಂದು ನೇಕಾರರ ಪಾಲಿಗೆ ಗಿರಣಿಯ ಬಾಗಿಲು ಹಾಕಿದರು.

ಮಾಲೀಕರ ವಾದದಲ್ಲಿ ಲೆಕ್ಕಕ್ಕಿಂತ ಮಿಗಿಲಾದ ಒಂದು ಮಾತಿತ್ತು. ತಮಗೂ ಕಾರ್ಮಿಕರಿಗೂ ಇರುವುದು ತಂದೆ ಮಕ್ಕಳ ಸಂಬಂಧ, ನಡುವೆ ಮೂರನೆಯವರಿಗೆ ಏನು ಕೆಲಸ ಎಂಬುದು ಅವರ ನಿಲುವು. ಕೊಡುವುದು ದೊಡ್ಡವರ ಇಷ್ಟ, ಪಡೆಯುವುದು ಕಿರಿಯರ ಭಾಗ್ಯ. ಆ ಸಂಬಂಧದಲ್ಲಿ ಲೆಕ್ಕ ಕೇಳುವುದೇ ಒಂದು ಅವಿನಯವಾಗಿ ಕಾಣುತ್ತಿತ್ತು. ಹೀಗಾಗಿ ಲೆಕ್ಕ ಮಾಡಿ ಕೇಳುವುದು ಎಂಬುದೇ ಅಲ್ಲಿ ಹೊಸ ಹೆಜ್ಜೆಯಾಯಿತು.

ಐವತ್ತು ಮೂವತ್ತೈದಾದದ್ದು

ಹಿಂದಿನ ವರ್ಷ ಬಿಹಾರದ ಚಂಪಾರಣ್ಯದಲ್ಲಿ ನೀಲಿ ಬೆಳೆಗಾರರ ತೊಂದರೆಯನ್ನು ವಿಚಾರಿಸಲು ಹೋಗಿದ್ದ ಗಾಂಧೀಜಿ ಅಲ್ಲಿ ಮೊದಲು ಮಾಡಿದ ಕೆಲಸ ಸಾವಿರಾರು ರೈತರ ಹೇಳಿಕೆಗಳನ್ನು ಒಂದೊಂದಾಗಿ ಬರೆಸಿಕೊಂಡದ್ದು. ಸಂಗತಿಯನ್ನು ಪೂರ್ತಿ ತಿಳಿಯದೆ ಬೇಡಿಕೆ ಇಡಬಾರದೆಂಬುದು ಅವರ ಪದ್ಧತಿ. ಅಹಮದಾಬಾದಿನಲ್ಲೂ ಅದನ್ನೇ ಅನುಸರಿಸಿದರು. ಶೇಕಡಾ 50 ಎಂಬ ಬೇಡಿಕೆ ಕಾರ್ಮಿಕರದು. ಶೇಕಡಾ 20 ಎಂಬ ಕೊಡುಗೆ ಮಾಲೀಕರದು. ಎರಡನ್ನೂ ಬದಿಗಿಟ್ಟು, ನ್ಯಾಯವಾಗಿ ಎಷ್ಟು ಸಲ್ಲಬೇಕು ಎಂದು ಹುಡುಕಲು ಅವರು ಮತ್ತು ಸಂಗಡಿಗರು ಹೊರಟರು.

ಮೂರು ವಿಷಯಗಳನ್ನು ವಿಚಾರಿಸಬೇಕಾಗಿತ್ತು. ಒಂದು, ಬೆಲೆ ಏರಿದ್ದರಿಂದ ಕಾರ್ಮಿಕನ ಸಂಸಾರದ ಖರ್ಚು ಎಷ್ಟು ಹೆಚ್ಚಿದೆ ಎಂಬುದು. ಎರಡು, ಗಿರಣಿಗಳ ಸ್ಥಿತಿ ಹೇಗಿದೆ, ಹೆಚ್ಚು ಕೂಲಿಯನ್ನು ತಾಳಿಕೊಳ್ಳುವ ಶಕ್ತಿ ಅವಕ್ಕೆ ಇದೆಯೇ ಎಂಬುದು. ಮೂರು, ಇದೇ ಕೆಲಸಕ್ಕೆ ಮುಂಬಯಿಯ ಗಿರಣಿಗಳು ಏನು ಕೊಡುತ್ತಿವೆ ಎಂಬುದು. ಮೊದಲನೆಯದು ದುಡಿಯುವವನ ಅಗತ್ಯ, ಎರಡನೆಯದು ಕೊಡುವವನ ಶಕ್ತಿ, ಮೂರನೆಯದು ಪೇಟೆಯ ರೂಢಿ.

ಈ ಮೂರರಲ್ಲಿ ಯಾವುದೊಂದನ್ನೇ ಹಿಡಿದರೂ ವಾದ ಕುಂಟುತ್ತದೆ. ಅಗತ್ಯವೊಂದನ್ನೇ ಹೇಳಿದರೆ ಗಿರಣಿಗೆ ಶಕ್ತಿಯಿಲ್ಲ ಎಂಬ ಉತ್ತರ ಬರುತ್ತದೆ. ಲಾಭವೊಂದನ್ನೇ ತೋರಿಸಿದರೆ, ಇದು ಯುದ್ಧದ ಲಾಭ, ಯುದ್ಧ ಮುಗಿದರೆ ಏನು ಗತಿ ಎನ್ನಬಹುದು. ಮುಂಬಯಿಯ ದರವನ್ನೇ ಮುಂದಿಟ್ಟರೆ, ಮುಂಬಯಿಯೇ ಬೇರೆ ಅಹಮದಾಬಾದೇ ಬೇರೆ ಎನ್ನಬಹುದು. ಮೂರನ್ನೂ ಒಟ್ಟಿಗೆ ತೂಗಿ ನೋಡಿದಾಗ ಸಿಕ್ಕುವ ಅಂಕಿಯನ್ನು ತಳ್ಳಿಹಾಕುವುದು ಅಷ್ಟು ಸುಲಭವಲ್ಲ.

ಇಂಥ ಲೆಕ್ಕಕ್ಕೆ ಬೇಕಾದ ಸಾಮಗ್ರಿ ಆಗ ಯಾವ ಕಚೇರಿಯಲ್ಲೂ ಸಿದ್ಧವಾಗಿರಲಿಲ್ಲ. ಬೆಲೆ ಸೂಚ್ಯಂಕ ಎಂಬ ಮಾತು ಕಾರ್ಮಿಕರ ಕಿವಿಗೆ ಬಿದ್ದಿರಲಿಲ್ಲ. ಮಾಲೀಕರನ್ನು ಅಭಿಪ್ರಾಯ ಕೇಳಿದರೂ ಅವರಿಂದ ನೆರವು ದೊರೆಯಲಿಲ್ಲ. ಲಭ್ಯವಿದ್ದ ಮಾಹಿತಿಯನ್ನೇ ಕೂಡಿಸಿ ಗಾಂಧೀಜಿ ಮತ್ತು ಸಂಗಡಿಗರು ತಲುಪಿದ ತೀರ್ಮಾನ ಶೇಕಡಾ 35. ಮೊದಲಿಟ್ಟ ನೂರರ ಲೆಕ್ಕದಲ್ಲಿ ನೂರ ಮೂವತ್ತೈದು.

ಆಮೇಲೆ ನಡೆದದ್ದು ಇನ್ನೂ ಗಮನಿಸಬೇಕಾದದ್ದು. ಈ ಅಂಕಿಯನ್ನು ಕಾರ್ಮಿಕರಿಗೆ ಹೇಳುವುದಕ್ಕೆ ಮೊದಲು ಮಾಲೀಕರಿಗೆ ತಿಳಿಸಿದರು. ತಪ್ಪಿದ್ದರೆ ತೋರಿಸಿ ಎಂದು ಅವಕಾಶ ಕೊಟ್ಟರು. ಮಾಲೀಕರು ಶೇಕಡಾ 20ರಿಂದ ಕದಲಲಿಲ್ಲ. ಆಗ ಕಾರ್ಮಿಕರ ಬಳಿಗೆ ಹೋಗಿ, ನಿಮ್ಮ ಐವತ್ತು ಹೆಚ್ಚಾಯಿತು, ಮೂವತ್ತೈದು ನ್ಯಾಯ ಎಂದು ತಿಳಿಸಿದರು. ತಮ್ಮವರ ಬೇಡಿಕೆಯನ್ನೇ ಇಳಿಸುವುದು ಯಾವ ಮುಂದಾಳಿಗೂ ಹಿತವಾದ ಕೆಲಸವಲ್ಲ. ಕೈಗೆ ನೂರ ಎಪ್ಪತ್ತು ಬರುತ್ತಿದ್ದ ನೇಕಾರನಿಗೆ ನೂರ ಮೂವತ್ತೈದಕ್ಕೆ ಒಪ್ಪು ಎನ್ನುವುದು ಎಷ್ಟು ಕಷ್ಟದ ಮಾತು ಎಂಬುದನ್ನು ಊಹಿಸಬಹುದು. ಆದರೂ ಅವರು ಒಪ್ಪಿದರು.

ಚೌಕಾಸಿಯ ವ್ಯಾಪಾರದಲ್ಲಿ ಹೆಚ್ಚು ಹೇಳಿ ಕಡಿಮೆಗೆ ಇಳಿಯುವುದು ರೂಢಿ. ಸಂತೆಯಲ್ಲಿ ಎತ್ತು ಮಾರುವವನೂ ಹಾಗೆಯೇ ಮಾಡುತ್ತಾನೆ. ಅಹಮದಾಬಾದಿನಲ್ಲಿ ಇಳಿಸುವ ಕೆಲಸವನ್ನು ಎದುರು ಪಕ್ಷ ಎಳೆದಾಡುವ ಮೊದಲೇ ಮುಗಿಸಲಾಗಿತ್ತು. ಹೀಗೆ ಇಳಿಸಿದ ಅಂಕಿಯಲ್ಲಿ ಚೌಕಾಸಿಗೆಂದು ಇಟ್ಟ ಹೆಚ್ಚುವರಿ ಏನೂ ಉಳಿದಿರಲಿಲ್ಲ. ಅದರ ಬಲವೂ ಅದೇ, ಅಪಾಯವೂ ಅದೇ. ಅಲ್ಲಿಂದ ಕೆಳಗಿಳಿಯಲು ಜಾಗವೇ ಇರಲಿಲ್ಲ.

ಜಾಲಿ ಮರದ ಕೆಳಗೆ

ಜುಲೈ ತಿಂಗಳ ಕೂಲಿಯ ಮೇಲೆ ಶೇಕಡಾ 35 ಸಿಗುವವರೆಗೆ ಕೆಲಸಕ್ಕೆ ಹೋಗುವುದಿಲ್ಲ; ಗಿರಣಿ ಮುಚ್ಚಿರುವಷ್ಟು ದಿನ ಗಲಭೆ, ಹೊಡೆದಾಟ, ಲೂಟಿ ಮಾಡುವುದಿಲ್ಲ; ಮಾಲೀಕರ ಸೊತ್ತಿಗೆ ಹಾನಿ ಮಾಡುವುದಿಲ್ಲ; ಕೆಟ್ಟ ಮಾತು ಆಡುವುದಿಲ್ಲ. ಕಾರ್ಮಿಕರು ಮಾಡಿದ ಪ್ರತಿಜ್ಞೆ ಇಷ್ಟು. ಪ್ರತಿದಿನ ಸಂಜೆ ಸಾಬರಮತಿಯ ದಂಡೆಯಲ್ಲಿ ಒಂದು ಜಾಲಿ ಮರದ ಕೆಳಗೆ ಸಾವಿರಾರು ಮಂದಿ ಸೇರುತ್ತಿದ್ದರು. ‘ಏಕ್ ಟೇಕ್’ ಎಂದು ಬರೆದ ಬಾವುಟ ಹಿಡಿದು ಊರಿನಲ್ಲಿ ಮೆರವಣಿಗೆ ಹೋಗುತ್ತಿದ್ದರು. ಆಡಿದ ಮಾತಿಗೆ ತಪ್ಪುವುದಿಲ್ಲ ಎಂಬುದು ಅದರ ಭಾವ.

ಫೆಬ್ರವರಿ 26ರಿಂದ ಒಂದೊಂದಾಗಿ ಕರಪತ್ರಗಳು ಹೊರಬಿದ್ದವು. ಅನಸೂಯಾ ಬೆನ್ ಹೆಸರಿನಲ್ಲಿ ಪ್ರಕಟವಾದರೂ ಬರೆದವರು ಗಾಂಧೀಜಿ. ಕೆಲಸವಿಲ್ಲದ ದಿನಗಳನ್ನು ಹೇಗೆ ಕಳೆಯಬೇಕು ಎಂಬುದಕ್ಕೇ ಒಂದು ಕರಪತ್ರ ಮೀಸಲಾಗಿತ್ತು. ಜೂಜು, ಹರಟೆಗಳಲ್ಲಿ ಕಾಲ ಕಳೆಯದೆ ಮನೆ ರಿಪೇರಿ ಮಾಡಿಕೊಳ್ಳಿ, ಅಂಗಳ ಗುಡಿಸಿಕೊಳ್ಳಿ, ಓದು ಕಲಿಯಿರಿ, ನೇಯ್ಗೆಯ ಜೊತೆಗೆ ಇನ್ನೊಂದು ಕಸುಬು ಕೈಯಲ್ಲಿರಲಿ ಎಂಬ ಬುದ್ಧಿಮಾತು ಅದರಲ್ಲಿತ್ತು. ಒಂದೇ ಕಸುಬನ್ನು ನಂಬಿದವನು ಆ ಕಸುಬಿನ ಒಡೆಯನಿಗೆ ಹೆದರಲೇಬೇಕಾಗುತ್ತದೆ ಎಂಬ ಅನುಭವದ ಮಾತು ಈ ಸಲಹೆಯ ಹಿಂದಿದೆ. ಮಾಲೀಕರೂ ತಮ್ಮ ಕರಪತ್ರಗಳನ್ನು ಹಂಚಿದರು. ಕೂಲಿಯ ವಿಷಯ ಹೀಗೆ ಮೊದಲ ಬಾರಿಗೆ ಊರಿನ ಎಲ್ಲರ ಮುಂದೆ ಚರ್ಚೆಗೆ ಬಂತು.

ದಾನದ ಹಣದಿಂದ ಮುಷ್ಕರ ನಡೆಸಬಾರದು ಎಂಬುದು ಇನ್ನೊಂದು ನಿಯಮ. ಹಸಿದವರು ದುಡಿದು ತಿನ್ನಬೇಕು. ಆಶ್ರಮದಲ್ಲಿ ಆಗ ನೇಯ್ಗೆ ಶಾಲೆಯ ಕಟ್ಟಡ ಏಳುತ್ತಿತ್ತು. ಅದರ ತಳಪಾಯಕ್ಕೆ ಮರಳು ತುಂಬುವ ಕೆಲಸ ಕಾರ್ಮಿಕರಿಗೆ ಕೊಡಬಹುದೆಂದು ಮಗನ್‌ಲಾಲ್ ಗಾಂಧಿ ಸೂಚಿಸಿದರು. ನದಿಯಿಂದ ತಲೆಯ ಮೇಲೆ ಮರಳಿನ ಬುಟ್ಟಿ ಹೊತ್ತು ಬರುವ ಸಾಲಿನಲ್ಲಿ ಅನಸೂಯಾ ಬೆನ್ ಕೂಡ ಒಬ್ಬರಾಗಿದ್ದರು.

ಆದರೆ ಎಲ್ಲರಿಗೂ ಕೆಲಸ ಸಿಗುವಂತಿರಲಿಲ್ಲ. ಮನೆಯಲ್ಲಿದ್ದ ಕಾಳು ಮುಗಿಯುತ್ತ ಬಂತು. ಮಾರ್ಚ್ 12ರಂದು ಮಾಲೀಕರು ಬಾಗಿಲು ತೆರೆದರು. ಶೇಕಡಾ 20ಕ್ಕೆ ಒಪ್ಪಿದವರು ಕೆಲಸಕ್ಕೆ ಬರಬಹುದು ಎಂದರು. ಕೆಲವರ ಮನಸ್ಸು ಅಳ್ಳಾಡಿತು. ಸಭೆಗೆ ಬರುವವರ ಸಂಖ್ಯೆ ಇಳಿಯಿತು. ಚಾಳಗಳಿಗೆ ಹೋದ ಆಶ್ರಮವಾಸಿಗಳ ಕಿವಿಗೆ ಒಂದು ಚುಚ್ಚುಮಾತು ಬಿತ್ತು: ಅನಸೂಯಾ ಬೆನ್‌ಗೆ, ಗಾಂಧೀಜಿಗೆ ಏನು ಕಷ್ಟ? ಮೋಟಾರಿನಲ್ಲಿ ಬರುತ್ತಾರೆ, ಮೋಟಾರಿನಲ್ಲಿ ಹೋಗುತ್ತಾರೆ, ಹೊಟ್ಟೆ ತುಂಬ ಉಣ್ಣುತ್ತಾರೆ. ನಮ್ಮ ಮಕ್ಕಳು ಹಸಿದಿವೆ.

ಆ ಮಾತಿಗೆ ಯಾವ ಲೆಕ್ಕದಲ್ಲೂ ಉತ್ತರವಿರಲಿಲ್ಲ. ಬೇಡಿಕೆ ಎಷ್ಟೇ ನ್ಯಾಯವಾಗಿರಲಿ, ಕಾಯುವ ಶಕ್ತಿ ಇಬ್ಬರಿಗೂ ಸಮನಾಗಿರುವುದಿಲ್ಲ. ಮಾಲೀಕ ತಿಂಗಳುಗಟ್ಟಲೆ ಕಾಯಬಲ್ಲ. ಕಾರ್ಮಿಕನಿಗೆ ನಾಳೆಯ ಊಟವೇ ಗಡುವು. ಲೆಕ್ಕವೆಲ್ಲ ಸರಿಯಾಗಿದ್ದೂ ಸೋಲುವ ಸಂಭವ ಇಲ್ಲಿಯೇ ಇರುವುದು.

ಉಪವಾಸದ ಒತ್ತಡ

ಮಾರ್ಚ್ 15ರಂದು ಜಾಲಿ ಮರದ ಕೆಳಗೆ ನಡೆದ ಸಭೆಯಲ್ಲಿ ಗಾಂಧೀಜಿ ತಮ್ಮ ನಿರ್ಧಾರ ತಿಳಿಸಿದರು. ಶೇಕಡಾ 35 ದೊರೆಯುವವರೆಗೆ, ಇಲ್ಲವೆ ಕಾರ್ಮಿಕರೆಲ್ಲ ಗಿರಣಿಯನ್ನೇ ತೊರೆಯುವವರೆಗೆ ತಾವು ಉಣ್ಣುವುದಿಲ್ಲ ಎಂದರು. ಸಾರ್ವಜನಿಕ ವಿವಾದವೊಂದರಲ್ಲಿ ಭಾರತದ ನೆಲದಲ್ಲಿ ಅವರು ಕೈಗೊಂಡ ಮೊದಲ ಉಪವಾಸ ಅದು. ಅಳ್ಳಾಡುತ್ತಿದ್ದ ಕಾರ್ಮಿಕರು ಮತ್ತೆ ಗಟ್ಟಿಯಾದರು. ತಾವೂ ಉಣ್ಣುವುದಿಲ್ಲ ಎಂದವರನ್ನು ತಡೆಯಬೇಕಾಯಿತು.

ಆದರೆ ಉಪವಾಸ ಇನ್ನೊಂದು ಕಡೆಗೂ ತಾಗಿತು. ಅಂಬಾಲಾಲ್ ಮತ್ತು ಇತರ ಕೆಲವು ಮಾಲೀಕರು ಗಾಂಧೀಜಿಯವರನ್ನು ಮನಸಾರೆ ಗೌರವಿಸುತ್ತಿದ್ದವರು. ಅವರು ಅಹಮದಾಬಾದಿನಲ್ಲಿ ಹಸಿದು ಮಲಗಿದ್ದಾಗ ಶೇಕಡಾವಾರು ಲೆಕ್ಕದ ಚರ್ಚೆ ನಡೆಸುವುದು ಮಾಲೀಕರಿಗೆ ಸಾಧ್ಯವಿರಲಿಲ್ಲ. ಕೊಟ್ಟರೆ ಗಾಂಧೀಜಿಯವರ ಪ್ರಾಣಕ್ಕಾಗಿ ಕೊಟ್ಟಂತೆ. ಕೂಲಿ ನ್ಯಾಯವೆಂದು ಒಪ್ಪಿ ಕೊಟ್ಟಂತೆ ಆಗುವುದಿಲ್ಲ. ಗಾಂಧೀಜಿಗೂ ಇದು ಗೊತ್ತಿತ್ತು. ತಮ್ಮ ಉಪವಾಸ ಕಾರ್ಮಿಕರ ಪ್ರತಿಜ್ಞೆಯನ್ನು ಉಳಿಸಲಿಕ್ಕೆ ಮಾತ್ರ, ಮಾಲೀಕರ ಮೇಲೆ ಒತ್ತಡ ತರಲು ಅಲ್ಲ ಎಂದು ಅವರು ಮತ್ತೆ ಮತ್ತೆ ಹೇಳಿದರು. ಒತ್ತಡ ಬಿದ್ದೇ ಬಿತ್ತು. ಆ ಉಪವಾಸದಲ್ಲಿ ದೊಡ್ಡ ದೋಷವಿತ್ತೆಂದು ಅವರೇ ಮುಂದೆ ಆತ್ಮಕಥೆಯಲ್ಲಿ ಒಪ್ಪಿಕೊಂಡಿದ್ದಾರೆ.

ಮೂರು ದಿನ, ಮೂರು ದರ

ಮಾರ್ಚ್ 18ರಂದು ಒಪ್ಪಂದವಾಯಿತು. ಅದರ ಸ್ವರೂಪ ವಿಚಿತ್ರವಾಗಿದೆ. ಕೆಲಸಕ್ಕೆ ಮರಳಿದ ಮೊದಲ ದಿನ ಶೇಕಡಾ 35ರ ಏರಿಕೆ. ಎರಡನೆಯ ದಿನ ಶೇಕಡಾ 20. ಮೂರನೆಯ ದಿನದಿಂದ ತೀರ್ಪು ಬರುವವರೆಗೆ ಶೇಕಡಾ ಇಪ್ಪತ್ತೇಳೂವರೆ. ಮೊದಲ ದಿನ ಕಾರ್ಮಿಕರ ಪ್ರತಿಜ್ಞೆ ಉಳಿಯಿತು. ಎರಡನೆಯ ದಿನ ಮಾಲೀಕರ ಹಠ ಉಳಿಯಿತು. ಮೂರನೆಯದು ಎರಡನ್ನೂ ಕೂಡಿಸಿ ಎರಡರಿಂದ ಭಾಗಿಸಿದ್ದು. ಪ್ರತಿಜ್ಞೆಯ ಅಕ್ಷರ ಉಳಿಯಿತೇ ಹೊರತು ಜೀವ ಉಳಿಯಲಿಲ್ಲ ಎಂಬ ಅಸಮಾಧಾನ ಗಾಂಧೀಜಿಯವರಿಗಿತ್ತು. ಅದನ್ನು ಅವರು ಕಾರ್ಮಿಕರ ಮುಂದೆ ಮುಚ್ಚಿಡಲಿಲ್ಲ.

ಆ ಸಂತೋಷಕ್ಕೆಂದು ಮಾಲೀಕರು ಅದೇ ಜಾಲಿ ಮರದ ಕೆಳಗೆ ಸಿಹಿ ಹಂಚಲು ಹೊರಟರು. ಸುದ್ದಿ ತಿಳಿದ ಊರಿನ ಭಿಕ್ಷುಕರೆಲ್ಲ ನುಗ್ಗಿದ್ದರಿಂದ ಶಿಸ್ತಿಗೆ ಹೆಸರಾಗಿದ್ದ ಆ ಜಾಗದಲ್ಲಿ ಗದ್ದಲವೆದ್ದಿತು. ಕೊನೆಗೆ ಅಂಬಾಲಾಲ್ ಅವರ ಬಂಗಲೆಯಲ್ಲಿ ಸಿಹಿ ಹಂಚಬೇಕಾಯಿತು.

ಅಂತಿಮ ತೀರ್ಪು ಕೊಡುವ ಹೊಣೆಯನ್ನು ಇಬ್ಬರೂ ಒಪ್ಪಿದ ಒಬ್ಬರೇ ಪಂಚರಿಗೆ ವಹಿಸಲಾಯಿತು. ಅವರು ಗುಜರಾತ್ ಕಾಲೇಜಿನ ಆನಂದಶಂಕರ ಧ್ರುವ. ಸಂಸ್ಕೃತ ವಿದ್ವಾಂಸರಾಗಿದ್ದ ಅವರು ಮುಂದೆ ಕಾಶಿ ಹಿಂದೂ ವಿಶ್ವವಿದ್ಯಾನಿಲಯದ ಪ್ರೊ-ವೈಸ್ ಚಾನ್ಸಲರ್ ಆದರು. 1918ರ ಆಗಸ್ಟಿನಲ್ಲಿ ಅವರು ಕೊಟ್ಟ ತೀರ್ಪು ಶೇಕಡಾ 35. ಫೆಬ್ರವರಿಯಲ್ಲಿ ಕಾರ್ಮಿಕರ ಪರವಾಗಿ ಲೆಕ್ಕ ಹಾಕಿ ಹೇಳಿದ್ದ ಅಂಕಿಯೇ ಆಗಸ್ಟಿನಲ್ಲಿ ನಡುವಿನವರ ಬಾಯಿಂದಲೂ ಬಂತು. ಉಪವಾಸ ಗಳಿಸಿಕೊಟ್ಟದ್ದು ಒಂದು ದಿನದ ಮೂವತ್ತೈದನ್ನು. ಉಳಿದ ದಿನಗಳ ಮೂವತ್ತೈದು ಪಂಚರ ತೀರ್ಪಿನಿಂದ ಬಂದದ್ದು.

ಗಾಂಧೀಜಿಯವರ ಕಾರ್ಯದರ್ಶಿ ಮಹಾದೇವ ದೇಸಾಯಿ ಈ ಪ್ರಸಂಗವನ್ನು ಗುಜರಾತಿಯಲ್ಲಿ ಒಂದು ಪುಸ್ತಕವಾಗಿ ಬರೆದರು. ಅರ್ಧ ಶತಮಾನದ ನಂತರ, 1969ರಲ್ಲಿ, ಅಮೆರಿಕದ ಮನಶ್ಶಾಸ್ತ್ರಜ್ಞ ಎರಿಕ್ ಎರಿಕ್ಸನ್ ಇದೇ ಘಟನೆಯನ್ನು ಕೇಂದ್ರವಾಗಿಟ್ಟುಕೊಂಡು ಗಾಂಧೀಜಿಯವರನ್ನು ಕುರಿತು ದೊಡ್ಡ ಗ್ರಂಥವೊಂದನ್ನು ಪ್ರಕಟಿಸಿದರು.

ಲೆಕ್ಕ ಬೆಳೆದ ದಾರಿ

ಪ್ರತಿಯೊಂದು ಸಲವೂ ಮುಷ್ಕರ ಹೂಡಿ ಉಪವಾಸ ಕೂರುವುದು ಸಾಧ್ಯವಲ್ಲ ಎಂಬುದು ಎರಡೂ ಕಡೆಯವರಿಗೆ ಅರ್ಥವಾಗಿತ್ತು. 1920ರಲ್ಲಿ ಅಹಮದಾಬಾದಿನ ಕಾರ್ಮಿಕರ ಸಂಘ, ‘ಮಜೂರ್ ಮಹಾಜನ’, ಸ್ಥಾಪನೆಯಾಯಿತು. ಅದೇ ವರ್ಷ ಕಾಯಂ ಪಂಚಾಯ್ತಿಯೊಂದು ಏರ್ಪಟ್ಟಿತು. ಕಾರ್ಮಿಕರ ಪರ ಗಾಂಧೀಜಿ, ಮಾಲೀಕರ ಪರ ಸೇಠ್ ಮಂಗಳದಾಸ್ ಗಿರಿಧರದಾಸ್.

ಈ ಏರ್ಪಾಡು ಎಲ್ಲ ಕಾಲದಲ್ಲೂ ಕೈಹಿಡಿಯಲಿಲ್ಲ. ಯುದ್ಧಕಾಲದ ಸುಗ್ಗಿ ಮುಗಿದು ವ್ಯಾಪಾರ ಕುಸಿದಾಗ, 1923ರಲ್ಲಿ ಮಾಲೀಕರು ಕೂಲಿ ಕಡಿತಕ್ಕೆ ಹೊರಟರು. ಗಾಂಧೀಜಿ ಆಗ ಜೈಲಿನಲ್ಲಿದ್ದರು. ಕಾರ್ಮಿಕರು ಮುಷ್ಕರ ಹೂಡಿದರು, ಸೋತರು, ಕಡಿತವನ್ನು ಒಪ್ಪಬೇಕಾಯಿತು. ಕಡಿತದ ಒಂದು ಭಾಗ ಮರಳಿ ದೊರೆತದ್ದು 1929ರ ಪಂಚಾಯ್ತಿ ತೀರ್ಪಿನಿಂದ. ಬೆಲೆ ಏರುವ ಕಾಲದಲ್ಲಿ ಕೇಳುವುದಕ್ಕಿಂತ ವ್ಯಾಪಾರ ಇಳಿದ ಕಾಲದಲ್ಲಿ ಇದ್ದುದನ್ನು ಉಳಿಸಿಕೊಳ್ಳುವುದು ಕಷ್ಟ ಎಂಬ ಪಾಠ ಅಂದೇ ಸಿಕ್ಕಿತ್ತು.

ಮಜೂರ್ ಮಹಾಜನ ಈ ಪಾಠದಿಂದ ಕಲಿತದ್ದು ಅಂಕಿಅಂಶಗಳ ಬೆಲೆಯನ್ನು. ಕೂಲಿ, ಮನೆ ಬಾಡಿಗೆ, ಸಾಲ, ದಿನಸಿ ಖರ್ಚು ಇವುಗಳ ವಿವರ ಸಂಗ್ರಹಿಸುವುದು ಸಂಘದ ನಿತ್ಯದ ಕೆಲಸವಾಯಿತು. ಸರ್ಕಾರವೂ ಈ ಕಡೆ ತಿರುಗಿತು. 1921ರಲ್ಲಿ ಮುಂಬಯಿ ಸರ್ಕಾರದ ಲೇಬರ್ ಆಫೀಸ್ ಆರಂಭವಾಗಿ, 1914ರ ಜುಲೈ ತಿಂಗಳನ್ನು ನೂರು ಎಂದಿಟ್ಟುಕೊಂಡು ಕಾರ್ಮಿಕರ ಜೀವನವೆಚ್ಚದ ಸೂಚ್ಯಂಕವನ್ನು ಪ್ರಕಟಿಸತೊಡಗಿತು. 1918ರಲ್ಲಿ ಅಂದಾಜಿನಿಂದ ಹುಡುಕಬೇಕಾಗಿದ್ದ ಸಂಗತಿ ಈಗ ಅಚ್ಚಾದ ಅಂಕಿಯಾಗಿ ಇಬ್ಬರ ಮುಂದೆಯೂ ಬಂತು. ಎರಡನೆಯ ಮಹಾಯುದ್ಧದ ಹೊತ್ತಿಗೆ ಬೆಲೆ ಏರಿದಂತೆ ತಾನಾಗಿ ಏರುವ ತುಟ್ಟಿಭತ್ಯೆ ಅಹಮದಾಬಾದಿನ ಗಿರಣಿಗಳಲ್ಲಿ ನೆಲೆಯೂರಿತು. ಸರ್ಕಾರಿ ನೌಕರರು ವರ್ಷಕ್ಕೆ ಎರಡು ಬಾರಿ ಎದುರುನೋಡುವ ತುಟ್ಟಿಭತ್ಯೆ ಆ ಅಂಕಿಗಳ ಬಳಗಕ್ಕೇ ಸೇರಿದ್ದು.

ಮಜೂರ್ ಮಹಾಜನದಲ್ಲಿ ಎರಡು ದಶಕಗಳಿಗೂ ಹೆಚ್ಚು ಕಾಲ ದುಡಿದ ಗುಲ್ಜಾರಿಲಾಲ್ ನಂದಾ 1957ರಲ್ಲಿ ಕೇಂದ್ರ ಕಾರ್ಮಿಕ ಸಚಿವರಾಗಿದ್ದಾಗ ಹದಿನೈದನೆಯ ಭಾರತೀಯ ಕಾರ್ಮಿಕ ಸಮ್ಮೇಳನ ನಡೆಯಿತು. ಕನಿಷ್ಠ ವೇತನಕ್ಕೆ ಅದು ಕೊಟ್ಟ ಅಳತೆ ಹೀಗಿದೆ: ಒಬ್ಬ ದುಡಿಯುವವನ ಕುಟುಂಬಕ್ಕೆ ಮೂರು ಪಾಲಿನ ಆಹಾರ, ತಲಾ 2,700 ಕ್ಯಾಲೊರಿ, ನಾಲ್ವರಿಗೆ ವರ್ಷಕ್ಕೆ 72 ಗಜ ಬಟ್ಟೆ, ಮನೆ ಬಾಡಿಗೆ, ಸೌದೆ, ದೀಪ ಮುಂತಾದವಕ್ಕೆ ಒಟ್ಟು ವೇತನದ ಶೇಕಡಾ 20. ಅಡುಗೆಮನೆಯ ಲೆಕ್ಕ ಹೀಗೆ ರಾಷ್ಟ್ರದ ನೀತಿಯ ಮಾತಾಯಿತು. ಮರುವರ್ಷ, 1958ರಲ್ಲಿ, ಪತ್ರಿಕಾ ನೌಕರರ ವೇತನದ ಮೊಕದ್ದಮೆಯಲ್ಲಿ ಸುಪ್ರೀಂ ಕೋರ್ಟು ಉದ್ಯಮದ ಸಂದಾಯ ಶಕ್ತಿಯನ್ನೂ, ಅದೇ ಪ್ರದೇಶದ ಅದೇ ಉದ್ಯಮದ ದರವನ್ನೂ ಗಮನಿಸಬೇಕೆಂದಿತು. ಅಗತ್ಯ, ಶಕ್ತಿ, ರೂಢಿ: 1918ರ ಆ ಮೂರು ತೂಕದ ಬಟ್ಟುಗಳೇ ಇಲ್ಲಿಯೂ ತಕ್ಕಡಿಗೆ ಬಂದಿವೆ.

1980ರ ದಶಕದಿಂದೀಚೆಗೆ ಅಹಮದಾಬಾದಿನ ಹತ್ತಾರು ಗಿರಣಿಗಳು ಒಂದರ ಹಿಂದೊಂದು ಮುಚ್ಚಿದವು. ಪೇಟೆಯೇ ಕೈಬಿಟ್ಟಾಗ ಯಾವ ಪಂಚಾಯ್ತಿಯೂ ಮಗ್ಗವನ್ನು ಉಳಿಸಲಾರದು. ಇದ್ದದ್ದನ್ನು ನ್ಯಾಯವಾಗಿ ಹಂಚುವುದಷ್ಟೇ ಲೆಕ್ಕದ ಕೆಲಸ. ಇಲ್ಲದ್ದನ್ನು ಹುಟ್ಟಿಸುವುದು ಅದರ ಕೈಯಲ್ಲಿಲ್ಲ.

ಆದರೂ ಗಿರಣಿಯ ಕೊಳವೆಗಳು ತಣ್ಣಗಾದ ಮೇಲೂ ಆ ವಿಧಾನ ಉಳಿದಿದೆ. ಕೈಗಾರಿಕಾ ನ್ಯಾಯಮಂಡಳಿಯ ಮುಂದೆ ನಿಲ್ಲುವ ಸಂಘವಿರಲಿ, ವರ್ಷದ ಕೊನೆಯಲ್ಲಿ ಮೇಲಧಿಕಾರಿಯ ಕೋಣೆಗೆ ಹೋಗುವ ಒಬ್ಬ ನೌಕರನಿರಲಿ, ಕಾಲ ಅನಿಶ್ಚಿತವಾದಷ್ಟೂ ಉತ್ತರ ಕೊಡಬೇಕಾದ ಪ್ರಶ್ನೆಗಳು ಅವೇ. ನನಗೆ ಎಷ್ಟು ಬೇಕು, ಅವರಿಗೆ ಎಷ್ಟು ಕೊಡಲಾದೀತು, ಇದೇ ಕೆಲಸಕ್ಕೆ ಬೇರೆಡೆ ಎಷ್ಟು ಸಲ್ಲುತ್ತಿದೆ? ಕಷ್ಟಕಾಲದಲ್ಲಿ ಮಾಡಿದ ಕೆಲಸಕ್ಕೆ ಕಷ್ಟಕಾಲ ಮುಗಿದ ಮೇಲೆ ಬೆಲೆ ಏನು? ಅಹಮದಾಬಾದಿನ ನೇಕಾರರು ಇವಕ್ಕೆ ಉತ್ತರ ಹುಡುಕಿಕೊಂಡು, ಮೊದಲು ತಮ್ಮ ಬೇಡಿಕೆಯನ್ನೇ ತಿದ್ದಿಕೊಂಡು ಹೋದರು. ಹಾಗೆ ತಿದ್ದಿಕೊಂಡ ಅಂಕಿಯನ್ನೇ ಆರು ತಿಂಗಳ ನಂತರ ನಡುವಿನವರೂ ನ್ಯಾಯವೆಂದರು.